ಟೆಪ್ ಹರ್ನಿಯಾ ಶಸ್ತ್ರಚಿಕಿತ್ಸೆ: ಮೆಶ್‌ನ ಕೆಳ ಅಂಚು

ತೊಡೆಸಂದಿನ ಹರ್ನಿಯಾ ಎರಡೂ ಕಡೆ ಇದ್ದರೆ, ಮುಂದಿನಿಂದ ಮಾಡಿದ ರಿಪೇರಿ ಮರುಕಳಿಸಿದ್ದರೆ, ರೋಗಿ ಹೆಂಗಸಾಗಿದ್ದರೆ ನನ್ನ ಆಯ್ಕೆ ಲ್ಯಾಪರೊಸ್ಕೋಪಿ (ಸಣ್ಣ ರಂಧ್ರಗಳಿಂದ ಕ್ಯಾಮೆರಾ ಹಾಕಿ ಮಾಡುವ ಶಸ್ತ್ರಚಿಕಿತ್ಸೆ). ಹೆಂಗಸರಲ್ಲಿ ಅಡಗಿರುವ ಫೀಮರಲ್ ಹರ್ನಿಯಾ (ತೊಡೆಯ ರಕ್ತನಾಳದ ಪಕ್ಕದ್ದು) ಹೀಗೆ ಹೊಟ್ಟೆಗೋಡೆಯ ಹಿಂದಿನಿಂದ ನೋಡಿದರೇ ಸರಿಯಾಗಿ ಕಾಣುವುದು. ಪ್ರಾಸ್ಟೇಟ್ ತೆಗೆಸಿಕೊಂಡವರಲ್ಲಿ ಇದಕ್ಕೆ ಬಿಡಿಸಬೇಕಾದ ಜಾಗವೆಲ್ಲ ಅಂಟಿಕೊಂಡಿರುತ್ತದೆ. ಅವರಿಗೆ ಓಪನ್ ವಿಧಾನವೇ ಕ್ಷೇಮ.

ಮೂತ್ರಕೋಶ ಖಾಲಿಯಿರಲಿ. ಟೆಪ್ ಎಂದರೆ ಹೊಟ್ಟೆಯೊಳಗೆ ಹೋಗದೆ, ಪೆರಿಟೋನಿಯಂ ಎಂಬ ಒಳಪೊರೆಯ ಮುಂದೆ ಜಾಗ ಬಿಡಿಸಿ ಮೆಶ್ (ಬಲೆ) ಇಡುವ ಲ್ಯಾಪರೊಸ್ಕೋಪಿ ವಿಧಾನ. ಇದರಲ್ಲಿ ಹೊಕ್ಕುಳ ಕೆಳಗೆ, ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕೆ ರೆಕ್ಟಸ್‌ನ (ಹೊಟ್ಟೆಯ ಮುಂಭಾಗದ ಉದ್ದ ಸ್ನಾಯು) ಮುಂದಿನ ಪೊರೆ ತೆರೆದು, ಸ್ನಾಯುವನ್ನು ಹೊರಕ್ಕೆ ಸರಿಸಿ 10 ಮಿ.ಮೀ. ಪೋರ್ಟ್ (ಉಪಕರಣ ತೂರಿಸುವ ಕೊಳವೆ) ಹಾಕುತ್ತೇನೆ. ನಡುಗೆರೆಯಲ್ಲೇ ತೆರೆದರೆ ನೇರ ಹೊಟ್ಟೆಯೊಳಕ್ಕೇ ಹೋಗಿಬಿಡಬಹುದು. ಅದರ ಕೆಳಗೆ 5 ಮಿ.ಮೀ. ಪೋರ್ಟ್ ಎರಡು. ಗ್ಯಾಸ್ ಒತ್ತಡ 10–12 ಮಿ.ಮೀ. ಪಾದರಸ ಸಾಕು.

ಮೊದಲು ಹುಡುಕಬೇಕಾದದ್ದು ಬೆಳ್ಳಗೆ ಹೊಳೆಯುವ ಕೂಪರ್ಸ್ ಲಿಗಮೆಂಟ್ (ಪ್ಯೂಬಿಕ್ ಎಲುಬಿನ ಮೇಲಿನ ಗಟ್ಟಿ ಪಟ್ಟಿ). ಅದು ಸಿಕ್ಕಿತೆಂದರೆ ದಿಕ್ಕು ಸಿಕ್ಕಿತು. ಎಪಿಗ್ಯಾಸ್ಟ್ರಿಕ್ ರಕ್ತನಾಳಗಳು ಬಿಡಿಸಿದ ಜಾಗದ ಮೇಲ್ಛಾವಣಿಗೇ ಅಂಟಿಕೊಂಡಿರಬೇಕು; ಜೋತುಬಿದ್ದರೆ ನೀವು ಪದರ ತಪ್ಪಿದ್ದೀರಿ.

ಮರುಕಳಿಸುವಿಕೆಗೆ ಮೆಶ್ ಕಳಪೆಯೆಂದು ದೂರುವುದುಂಟು. ಬಹುತೇಕ ತಪ್ಪು ಮೆಶ್‌ನದಲ್ಲ, ಬಿಡಿಸಿದ ಜಾಗ ಸಾಲದ್ದು. ಒಳಬದಿಯಲ್ಲಿ ಸಿಂಫಿಸಿಸ್ (ಪ್ಯೂಬಿಕ್ ಎಲುಬುಗಳು ಕೂಡುವ ನಡುಭಾಗ) ದಾಟಬೇಕು, ಕೂಪರ್ಸ್‌ನಿಂದ 2 ಸೆಂ.ಮೀ. ಕೆಳಗಿಳಿಯಬೇಕು, ಹೊರಬದಿಯಲ್ಲಿ ಸೋಯಾಸ್ ಸ್ನಾಯು ಕಾಣಬೇಕು. ಹರ್ನಿಯಾದ ಚೀಲವನ್ನು ವಾಸ್ (ವೀರ್ಯನಾಳ) ಮತ್ತು ವೃಷಣದ ರಕ್ತನಾಳಗಳಿಂದ ಬಿಡಿಸಿದ ಮೇಲೆ ಪೆರಿಟೋನಿಯಂ ಹಿಡಿದು ಮೇಲಕ್ಕೆಳೆದು ನೋಡಿ. ವಾಸ್ ಕೂಡ ಅಲುಗಾಡಿದರೆ ಬಿಡಿಸುವುದು ಇನ್ನೂ ಮುಗಿದಿಲ್ಲ. ವಾಸ್ ಮತ್ತು ಆ ರಕ್ತನಾಳಗಳ ನಡುವಿನ ತ್ರಿಕೋನದೊಳಗೆ ಇಲಿಯಾಕ್ ನಾಳಗಳು (ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳು) ಇವೆ. ಅಲ್ಲಿ ಡಯಾಥರ್ಮಿ (ವಿದ್ಯುತ್ತಿನಿಂದ ಸುಡುವುದು) ಬೇಡ. ಅದರ ಹೊರಬದಿಗೆ, ಇಲಿಯೋಪ್ಯೂಬಿಕ್ ಟ್ರ್ಯಾಕ್ಟ್‌ನ (ತೊಡೆಸಂದಿನ ನಾರಿನ ಪಟ್ಟಿ) ಕೆಳಗೆ ನರಗಳಿವೆ. ಅಲ್ಲಿ ಮೆಶ್ ಬಿಗಿಯುವ ಟ್ಯಾಕ್ ಒಂದು ಹೊಡೆದರೂ ತಿಂಗಳುಗಟ್ಟಲೆ ನೋವು. ಇಂಗ್ವೈನಲ್ ಕೆನಾಲ್‌ನೊಳಗಿನ (ತೊಡೆಸಂದಿನ ಸುರಂಗ) ಕೊಬ್ಬಿನ ಗಂಟನ್ನು ಎಳೆದು ತೆಗೆಯದಿದ್ದರೆ ರೋಗಿಯ ಪಾಲಿಗೆ ಹರ್ನಿಯಾ ಅಲ್ಲೇ ಇದ್ದಹಾಗೆ.

ಮೆಶ್ 15×10 ಸೆಂ.ಮೀ.ಗಿಂತ ಚಿಕ್ಕದಿರಬಾರದು. ಮಡಿಕೆ ಬೀಳುತ್ತದೆಂದು ಕತ್ತರಿಸಬೇಡಿ, ಜಾಗ ಹೆಚ್ಚಿಸಿ. ಗ್ಯಾಸ್ ಬಿಡುವಾಗ ಅವಸರ ಪಟ್ಟರೆ ಪೆರಿಟೋನಿಯಂ ಮೆಶ್‌ನ ಕೆಳಗೆ ನುಸುಳಿ ಅಂಚನ್ನು ಎತ್ತಿಬಿಡುತ್ತದೆ. ಆದ್ದರಿಂದ ಕೆಳ ಅಂಚನ್ನು ಉಪಕರಣದಿಂದ ಒತ್ತಿಹಿಡಿದು, ಕ್ಯಾಮೆರಾದಲ್ಲಿ ನೋಡುತ್ತಲೇ ನಿಧಾನವಾಗಿ ಗ್ಯಾಸ್ ಬಿಡುತ್ತೇನೆ.

ಪೆರಿಟೋನಿಯಂ ಹರಿದು ಹೊಟ್ಟೆಯೊಳಗೆ ಗ್ಯಾಸ್ ತುಂಬಿದರೆ ವೆರೆಸ್ ಸೂಜಿ ಹಾಕಿ ಹೊರಬಿಡಿ. ದೊಡ್ಡ ಹರಕನ್ನು ಮುಚ್ಚಲೇಬೇಕು, ಇಲ್ಲವಾದರೆ ಕರುಳು ಮೆಶ್‌ಗೆ ತಾಗುತ್ತದೆ. ಜಾಗವೇ ಕಾಣದಾದರೆ ಟ್ಯಾಪ್‌ಗೆ (ಹೊಟ್ಟೆಯೊಳಗಿನಿಂದ ಮಾಡುವ ಲ್ಯಾಪರೊಸ್ಕೋಪಿ ವಿಧಾನ) ಬದಲಾಯಿಸಿ.

ದೊಡ್ಡ ಡೈರೆಕ್ಟ್ ಹರ್ನಿಯಾದಲ್ಲಿ (ಹೊಟ್ಟೆಗೋಡೆಯ ದುರ್ಬಲ ಜಾಗದಿಂದ ನೇರ ಹೊರಬರುವುದು) ಸಡಿಲವಾದ ಟ್ರಾನ್ಸ್‌ವರ್ಸಾಲಿಸ್ ಪೊರೆಯನ್ನು ಒಳಕ್ಕೆಳೆದು ಕೂಪರ್ಸ್‌ಗೆ ಕಟ್ಟಿದರೆ ಸೆರೋಮಾ (ನೀರು ತುಂಬಿದ ಊತ) ಕಡಿಮೆ. ಆದರೂ ಊತ ಬರಬಹುದೆಂದು ರೋಗಿಗೆ ಮೊದಲೇ ಹೇಳಿಡಿ. ಕೆಮ್ಮಿದಾಗ ಅದು ಉಬ್ಬದಿದ್ದರೆ ಕಾಯಿರಿ. ಅನುಮಾನವಿದ್ದರೆ ಅಲ್ಟ್ರಾಸೌಂಡ್ ಮಾಡಿಸಿ. ಸುಮ್ಮನೆ ಸೂಜಿ ಚುಚ್ಚಿದರೆ ಸೋಂಕು ಮೆಶ್‌ವರೆಗೂ ಇಳಿಯಬಹುದು.