ಅಡಿಕೆ ತೋಟದ ಮನೆಯಲ್ಲಿ ಅನಿಮೋನ್

ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಜಗುಲಿ ಪಕ್ಕದ ಕೋಣೆಯಲ್ಲಿ ಒಂದು ಉಪ್ಪುನೀರಿನ ಟ್ಯಾಂಕ್ ಇದೆ. ಅದರಲ್ಲಿ ಒಂದು ಜೋಡಿ ಕ್ಲೌನ್ ಮೀನು ಮತ್ತು ಬಬಲ್ ಟಿಪ್ ಅನಿಮೋನ್‌ಗಳಿವೆ. ಅನಿಮೋನ್ ಅಂದರೆ ಹೂವಿನಂತೆ ಕಾಣುವ, ಬಂಡೆಗೆ ಅಂಟಿಕೊಂಡು ಬದುಕುವ ಕಡಲ ಪ್ರಾಣಿ. ಮನೆಗೆ ಬಂದವರು ಕೇಳುವುದು ಒಂದೇ, "ಇಷ್ಟು ಬಣ್ಣ ಬರೋಕೆ ಏನು ಹಾಕ್ತೀರಿ?" ಬಣ್ಣಕ್ಕೆ ಅಂತ ನಾನು ಏನೂ ಹಾಕುವುದಿಲ್ಲ. ನೀರು, ಬೆಳಕು, ಬಿಸಿ ಈ ಮೂರೂ ಏರುಪೇರಾಗದಂತೆ ಕಾಯುತ್ತೇನೆ, ಅಷ್ಟೇ. ಮಲೆನಾಡಿನಲ್ಲಿ ಕಷ್ಟ ಇರುವುದೂ ಅಲ್ಲೇ.

ಅನಿಮೋನ್‌ನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬದುಕುತ್ತದೆ. ಕಂದು ಬಣ್ಣ ಬರುವುದು ಅದರಿಂದ. ಬೆಳಕಿನಿಂದ ಅದು ಆಹಾರ ತಯಾರಿಸುತ್ತದೆ, ಅದರಲ್ಲಿ ದೊಡ್ಡ ಪಾಲು ಅನಿಮೋನ್‌ಗೆ ಸಿಗುತ್ತದೆ. ಹಸಿರು, ಕೆಂಪು ಹೊಳಪು ಮಾತ್ರ ಅನಿಮೋನ್‌ನ ಸ್ವಂತದ್ದು. ನೀರು ಕೆಟ್ಟರೆ, ಬಿಸಿ ಏರಿದರೆ ಪಾಚಿ ಹೊರಗೆ ಹೋಗುತ್ತದೆ, ಮೈ ಬೆಳ್ಳಗಾಗುತ್ತದೆ. ಅಂಗಡಿಯಲ್ಲಿ ಹಾಲಿನಂಥ ಬಿಳಿ ಅನಿಮೋನ್ ನೋಡಿ ಎಷ್ಟು ಚೆನ್ನಾಗಿದೆ ಅಂತ ಕೊಳ್ಳುತ್ತಾರೆ. ಅದು ಹಸಿದಿರುವ ಜೀವ. ಕಡು ಹಳದಿ, ಕಡು ನೀಲಿ ಕಂಡರೆ ಬಣ್ಣದಲ್ಲಿ ಅದ್ದಿರಬಹುದು. ನಾನು ನೋಡುವುದು ಬಾಯಿ ಬಿಗಿಯಾಗಿ ಮುಚ್ಚಿದೆಯಾ, ಪಾದ ಹರಿಯದೆ ಗಟ್ಟಿಯಾಗಿ ಅಂಟಿದೆಯಾ ಅಂತ. ಸಾಧ್ಯವಾದರೆ ಇನ್ನೊಬ್ಬರ ಟ್ಯಾಂಕಿನಲ್ಲಿ ಒಡೆದು ಎರಡಾದ ಮರಿಯನ್ನೇ ತರುತ್ತೇನೆ. ಕಡಲಿನಿಂದ ಕಿತ್ತು ತಂದದ್ದಕ್ಕಿಂತ ಅದು ಬೇಗ ಹೊಂದಿಕೊಳ್ಳುತ್ತದೆ. ಕಲ್ಲು ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಜೀವಿಗಳು, ಹಾಗಾಗಿ ಅವನ್ನು ಇಟ್ಟಿಲ್ಲ. ಒಳಗಿರುವ ಬಂಡೆಗಳೂ ಹವಳದವಲ್ಲ, ಸೆರಾಮಿಕ್‌ನವು.

ಆಗುಂಬೆ ಘಾಟಿ ಇಳಿದರೆ ಕಡಲು, ಕ್ಯಾನ್‌ನಲ್ಲಿ ನೀರು ತುಂಬಿಕೊಂಡು ಬರಬಹುದಲ್ವಾ ಅಂತ ಎಷ್ಟೋ ಜನ ಕೇಳಿದ್ದಾರೆ. ಮಳೆಗಾಲದಲ್ಲಿ ಸೀತಾ, ಸ್ವರ್ಣಾ ಹೊಳೆಗಳು ಕಡಲಿಗೆ ಸಿಹಿನೀರು ಸುರಿಯುತ್ತವೆ. ದಡದ ನೀರಿನ ಉಪ್ಪು ಇಳಿಯುತ್ತದೆ, ಕೆಸರೂ ಜಾಸ್ತಿ. ಅದಕ್ಕೇ ನಾನು ಟ್ಯಾಂಕಿಗೆಂದೇ ಮಾರುವ ಕಡಲುಪ್ಪಿನ ಮಿಶ್ರಣವನ್ನು ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಕರಗಿಸುತ್ತೇನೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬರಬೇಕು. ಅಡುಗೆ ಉಪ್ಪು ಆಗುವುದಿಲ್ಲ, ಅದರಲ್ಲಿ ಬೇಕಾದಷ್ಟು ಮೆಗ್ನೀಸಿಯಂ, ಕ್ಯಾಲ್ಸಿಯಂ ಇರುವುದಿಲ್ಲ. ಬೇಸಿಗೆಯಲ್ಲಿ ನೀರು ಆವಿಯಾಗಿ ಉಪ್ಪು ಏರುತ್ತದೆ, ದಿನಾ ಸಿಹಿನೀರು ಸೇರಿಸಬೇಕು. ಜುಲೈನಲ್ಲಿ ಗಾಳಿಯೇ ಒದ್ದೆ, ಆವಿಯಾಗುವುದು ಕಮ್ಮಿ. ಬೇಸಿಗೆಯ ಅಳತೆಯಲ್ಲೇ ಸುಮ್ನೆ ಸುರಿಯುತ್ತಾ ಹೋದರೆ ಉಪ್ಪು ಇಳಿದುಬಿಡುತ್ತದೆ. ಟ್ಯಾಂಕಿನ ಗಾಜಿನ ಮೇಲೆ ಗೆರೆ ಹಾಕಿಟ್ಟಿದ್ದೇನೆ. ಆ ಗೆರೆ ಮುಟ್ಟುವಷ್ಟೇ ಹಾಕುವುದು.

ನಮ್ಮ ಕಡೆಯವರು ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದ್ದು ಮೈಲುತುತ್ತಕ್ಕೆ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದ ಅಡಿಕೆ ತೋಟ ಇಲ್ಲಿ ಕಮ್ಮಿ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅನಿಮೋನ್‌ನಂಥ ಬೆನ್ನೆಲುಬಿಲ್ಲದ ಕಡಲ ಜೀವಿಗಳಿಗೆ ತೀರಾ ಸ್ವಲ್ಪ ತಾಮ್ರವೂ ವಿಷ. ಔಷಧಿ ಹೊಡೆಯುವ ದಿನ ನಮ್ಮ ಮನೆಯಲ್ಲಿ ಯಾರೂ ಟ್ಯಾಂಕಿಗೆ ಕೈ ಹಾಕುವುದಿಲ್ಲ. ತೋಟದ ಬಕೆಟ್, ಮಗ್ಗು, ಪೈಪು ಆ ಕೋಣೆಯೊಳಗೆ ಬರುವುದಿಲ್ಲ. ಟ್ಯಾಂಕಿನ ಬಕೆಟ್ಟಿಗೆ ಬೇರೆ ಬಣ್ಣ. ಮಾಡಿನಿಂದ ಬೀಳುವ ಮಳೆನೀರನ್ನೂ ನೇರವಾಗಿ ಬಳಸುವುದಿಲ್ಲ, ಪಕ್ಕದ ತೋಟದ ದ್ರಾವಣ ಗಾಳಿಗೆ ಹಾರಿ ಹಂಚಿನ ಮೇಲೆ ಕೂತಿರುತ್ತದೆ. ಬಾವಿ ನೀರನ್ನು ಆರ್‌ಒ ಮಾಡಿ, ಆಮೇಲೆ ಉಳಿದ ಲವಣ ಹಿಡಿಯುವ ಡಿಐ ರೆಸಿನ್ ಮೂಲಕ ಹಾಯಿಸಿ, ನೀರಲ್ಲಿ ಕರಗಿರುವುದನ್ನು ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಿದ ಮೇಲೇ ಉಪ್ಪು ಬೆರೆಸುವುದು. ಮೀನಿಗೆ ಬಿಳಿ ಚುಕ್ಕೆ ಬಂದರೆ ಕೊಡುವ ಔಷಧಿಗಳಲ್ಲೂ ಎಷ್ಟೋ ತಾಮ್ರದವೇ. ಮೀನನ್ನು ಬೇರೆ ತೊಟ್ಟಿಗೆ ಹಾಕಿ ಅಲ್ಲೇ ಔಷಧಿ ಕೊಡಿ.

ಇನ್ನು ಕರೆಂಟ್. ಮಳೆ ಹಿಡಿದರೆ ನಮ್ಮಲ್ಲಿ ಲೈನ್ ಮೇಲೆ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಇರುವುದಿಲ್ಲ. ದೀಪ ಒಂದು ದಿನ ಇಲ್ಲದಿದ್ದರೂ ಅನಿಮೋನ್ ತಡೆದುಕೊಳ್ಳುತ್ತದೆ. ನೀರು ಕದಲದೆ ಆಮ್ಲಜನಕ ಇಳಿದರೆ ತಡೆಯುವುದಿಲ್ಲ. ಅದಕ್ಕೆ ಇನ್ವರ್ಟರ್‌ಗೆ ವೇವ್‌ಮೇಕರ್ (ನೀರು ಕದಲಿಸುವ ಪಂಪ್) ಒಂದನ್ನೇ ಜೋಡಿಸಿದ್ದೇನೆ, ಜೊತೆಗೆ ಬ್ಯಾಟರಿ ಏರ್ ಪಂಪ್ ಇದೆ. ಹೀಟರ್ ಬ್ಯಾಟರಿಯನ್ನು ಬೇಗ ಖಾಲಿ ಮಾಡುತ್ತದೆ, ಅದರ ಬದಲು ಟ್ಯಾಂಕಿಗೆ ಕಂಬಳಿ ಸುತ್ತುತ್ತೇವೆ. 25 ಡಿಗ್ರಿಯ ಆಸುಪಾಸು ಇದ್ದರೆ ಸಾಕು. ಡಿಸೆಂಬರ್ ರಾತ್ರಿಗಳಲ್ಲಿ ಹೀಟರ್ ಬೇಕೇ ಬೇಕು. ವೇವ್‌ಮೇಕರ್‌ಗೆ ಸ್ಪಂಜಿನ ಹೊದಿಕೆ ಹಾಕುವುದನ್ನು ಮಾತ್ರ ಮರೆಯಬೇಡಿ. ಅನಿಮೋನ್ ಜಾಗ ಹುಡುಕಿಕೊಂಡು ನಡೆಯುತ್ತದೆ, ರೆಕ್ಕೆಗೆ ಸಿಕ್ಕಿದರೆ ಚೂರು ಚೂರಾಗಿ ಇಡೀ ಟ್ಯಾಂಕ್ ಹಾಳಾಗುತ್ತದೆ.

ಬೆಳಕು ದಿನಕ್ಕೆ 8 ರಿಂದ 10 ಗಂಟೆ, ಟೈಮರ್ ಹಾಕಿ. ಹೊಸ ಅನಿಮೋನ್ ಬಂದಾಗ ಕಡಿಮೆಯಲ್ಲಿ ಶುರುಮಾಡಿ ವಾರವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತೇನೆ. ಬೆಳ್ಳಗಾದದ್ದಕ್ಕಂತೂ ಒಮ್ಮೆಲೇ ಜೋರು ಬೆಳಕು ಕೊಡಲೇಬಾರದು.

ಊಟ ವಾರಕ್ಕೊಮ್ಮೆ. ಮಲ್ಪೆ ಕಡೆಯಿಂದ ಬರುವ ಸಿಗಡಿ ತೊಳೆದು, ಸಿಪ್ಪೆ ಬಿಡಿಸಿ, ಬಟಾಣಿ ಕಾಳಿನಷ್ಟು ಚೂರು ಮಾಡಿ ಚಿಮಟದಲ್ಲಿ ಕೊಡುತ್ತೇನೆ. ದೊಡ್ಡ ತುಂಡು ಕೊಟ್ಟರೆ ಮಾರನೇ ದಿನ ಉಗಿದಿರುತ್ತದೆ, ನೀರು ಕೆಡುತ್ತದೆ. ಬೂತಾಯಿ ಮೀನು ಕೊಡುವುದಿಲ್ಲ, ಅದರಲ್ಲಿ ಎಣ್ಣೆ ಜಾಸ್ತಿ.

ಅನಿಮೋನ್‌ಗೆ ಆಯಸ್ಸೇ ಕಮ್ಮಿ ಅನ್ನುವವರಿಗೆ ಒಂದು ಮಾತು. ಸ್ಕಾಟ್ಲೆಂಡಿನ ನಿಸರ್ಗ ವಿಜ್ಞಾನಿ ಜಾನ್ ಡ್ಯಾಲಿಯೆಲ್ 1828ರಲ್ಲಿ ದಡದಿಂದ ತಂದ ಅನಿಮೋನ್ 1887ರವರೆಗೆ ಗಾಜಿನ ಪಾತ್ರೆಯಲ್ಲಿ ಬದುಕಿತ್ತು. ಆಗ ಹೀಟರೂ ಇಲ್ಲ, ಮೀಟರೂ ಇಲ್ಲ. ಅವರು ಸಾಕಿದ್ದು ತಣ್ಣೀರಿನ ಜಾತಿ, ನಿಜ. ಆದರೂ ನೀರು ಬದಲಿಸುವುದನ್ನು ತಪ್ಪಿಸದೆ ಆಮೇಲೆ ಬಂದವರೂ ನೋಡಿಕೊಂಡರಲ್ಲ, ಅದು ನನಗೆ ತುಂಬಾ ದೊಡ್ಡದು ಅನ್ನಿಸುತ್ತದೆ.

ನಮ್ಮಲ್ಲಿ ಅನಿಮೋನ್ ಒಡೆದು ಎರಡಾದಾಗ ಗಾಯ ಕೂಡುವವರೆಗೆ ಊಟ ಹಾಕುವುದಿಲ್ಲ. ಆಮೇಲೆ ಒಂದನ್ನು ಕೇಳಿದವರಿಗೆ ಕೊಡುತ್ತೇನೆ. ಆದರೆ ಅವರ ಟ್ಯಾಂಕ್ ಶುರುವಾಗಿ ಆರು ತಿಂಗಳಾದರೂ ಆಗಿರಬೇಕು, ತೋಟ ಇದ್ದರೆ ಬಕೆಟ್ ಬೇರೆ ಇಟ್ಟಿರಬೇಕು.