ಓಕ್ ಹಿಲ್‌ನ ಹದಿನೆಂಟು ಹೋಲ್‌ಗಳನ್ನು ನಕ್ಷೆಗೆ ಇಳಿಸಿದ ಬಗೆ

ಅಮೆರಿಕದ ರಾಚೆಸ್ಟರ್ ನಗರಕ್ಕೆ ಹೊಂದಿಕೊಂಡಿರುವ ಪಿಟ್ಸ್‌ಫರ್ಡ್‌ನಲ್ಲಿ ಓಕ್ ಹಿಲ್ ಕಂಟ್ರಿ ಕ್ಲಬ್ ಎಂಬ ಗಾಲ್ಫ್ ಕ್ಲಬ್ ಇದೆ. ಅದರ ಈಸ್ಟ್ ಕೋರ್ಸ್ ಎಂಬ ಆಟದ ಮೈದಾನದಲ್ಲಿ 2023ರ ಮೇ ತಿಂಗಳಲ್ಲಿ ಪಿಜಿಎ ಚಾಂಪಿಯನ್‌ಷಿಪ್ ಎಂಬ ದೊಡ್ಡ ಗಾಲ್ಫ್ ಪಂದ್ಯಾವಳಿ ನಡೆದಾಗ ನಾನು ಸ್ವಯಂಸೇವಕನಾಗಿ ಕೆಲಸ ಮಾಡಿದೆ. ಪ್ರೇಕ್ಷಕರಿಗೆ ದಾರಿ ತೋರಿಸುವುದು, ಆಟಗಾರ ಹೊಡೆಯುವಾಗ ಜನರನ್ನು ನಿಶ್ಶಬ್ದವಾಗಿರಿಸುವುದು ನನ್ನ ಪಾಲಿಗೆ ಬಂದ ಹೊಣೆ. ಯಾವ ಹೋಲ್, ಅಂದರೆ ಮೊದಲ ಹೊಡೆತದ ಜಾಗವಾದ ಟೀಯಿಂದ ಕುಳಿ ಇರುವ ಗ್ರೀನ್‌ವರೆಗಿನ ದಾರಿ, ಎತ್ತ ತಿರುಗುತ್ತದೆ, ಏಕೆ ತಿರುಗುತ್ತದೆ ಎಂಬುದು ತಿಳಿಯದೆ ಈ ಕೆಲಸ ಮಾಡಲಾಗದೆಂದು ನನಗನಿಸಿತು. ಬಹಳ ವರ್ಷ ರಸ್ತೆ ಕಾಮಗಾರಿಗಳಲ್ಲಿ ಲೆವೆಲ್ ನೋಡಿ ನಕ್ಷೆ ಮಾಡಿದವನು ನಾನು. ಹಾಗಾಗಿ ಪಂದ್ಯಕ್ಕೆ ಮುಂಚಿನ ಚಳಿಗಾಲದಲ್ಲಿ ಇಡೀ ಕೋರ್ಸನ್ನು ಕೈಯಿಂದಲೇ ಒಂದು ಹಾಳೆಗೆ ಇಳಿಸಲು ಕುಳಿತೆ.

ಮೊದಲು ನೆಲದ ಏರಿಳಿತ, ಆಮೇಲೆ ನೀರು, ಕೊನೆಗೆ ಮರಗಳು ಎಂಬ ಕ್ರಮವನ್ನು ಇಟ್ಟುಕೊಂಡೆ. ಕಾಂಟೂರ್ ರೇಖೆಗಳಿರುವ ಸರ್ಕಾರಿ ನಕ್ಷೆಯ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ ಎತ್ತರದ ರೇಖೆಗಳನ್ನು ಎಳೆದ ಕೂಡಲೇ ವಿನ್ಯಾಸದ ಮುಖ್ಯ ಎಳೆ ಸಿಕ್ಕಿತು. ಕ್ಲಬ್‌ಹೌಸ್ ಇರುವುದು ಎತ್ತರದಲ್ಲಿ. ಮೊದಲ ಹೋಲ್ ಅಲ್ಲಿಂದ ಇಳಿಯುತ್ತದೆ, ಒಂಬತ್ತನೆಯದು ಮತ್ತು ಹದಿನೆಂಟನೆಯದು ಅಲ್ಲಿಗೇ ಮರಳುತ್ತವೆ. ತಗ್ಗಿನಲ್ಲಿ ಹರಿಯುವ ಆಲನ್ಸ್ ಕ್ರೀಕ್ ಎಂಬ ಹಳ್ಳವನ್ನು ನೀಲಿಯಲ್ಲಿ ಗುರುತಿಸಿದಾಗ, ಒಂದೇ ನೀರು ಬೇರೆ ಬೇರೆ ಹೋಲ್‌ಗಳಲ್ಲಿ ಬೇರೆ ಬೇರೆ ಪ್ರಶ್ನೆ ಕೇಳುವುದು ಕಂಡಿತು. ಮೊದಲನೆಯದರಲ್ಲಿ ಅದು ಗ್ರೀನ್ ತಲುಪುವ ಮೊದಲೇ ಅಡ್ಡ ಬರುತ್ತದೆ. 623 ಗಜ ಉದ್ದದ, ಐದು ಪಾರ್‌ನ (ಅಂದರೆ ಐದು ಹೊಡೆತಗಳಲ್ಲಿ ಮುಗಿಸಬೇಕಾದ) ಹದಿಮೂರನೆಯದರಲ್ಲಿ ಟೀಯಿಂದ ಹೊಡೆದ ಚೆಂಡು ಎಷ್ಟು ದೂರ ಹೋಗಬಹುದೆಂಬುದನ್ನೇ ಅದು ನಿರ್ಧರಿಸುತ್ತದೆ.

ಈ ಕೋರ್ಸನ್ನು ವಿನ್ಯಾಸಗೊಳಿಸಿದ ಡೊನಾಲ್ಡ್ ರಾಸ್ ಅವರು ನೆಲದ ಈ ಗುಣವನ್ನು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದು ಪೆನ್ಸಿಲ್ ಹಿಡಿದಾಗಲೇ ನನಗೆ ಮನದಟ್ಟಾಯಿತು. ಅವರು ಮಣ್ಣನ್ನು ಹೆಚ್ಚು ಕದಲಿಸದೆ, ಇದ್ದ ದಿಬ್ಬವನ್ನೇ ಗ್ರೀನ್‌ಗೂ ಇದ್ದ ಇಳಿಜಾರನ್ನೇ ಆಟದ ದಾರಿಯಾದ ಫೇರ್‌ವೇಗೂ ಬಳಸಿಕೊಂಡಿದ್ದಾರೆ. ಕೇವಲ 320 ಗಜದ ಹದಿನಾಲ್ಕನೆಯ ಹೋಲ್ ಹಾಳೆಯ ಮೇಲೆ ತೀರ ಸುಲಭವಾಗಿ ಕಾಣುತ್ತದೆ. ಕಾಂಟೂರ್ ರೇಖೆಗಳನ್ನು ಎಣಿಸಿದರೆ ಮಾತ್ರ ಅದು ಕಡಿದಾದ ಏರು ಎಂಬುದು ತಿಳಿಯುತ್ತದೆ.

ಮರಗಳ ಸರದಿ ಬಂದಾಗ ಇತಿಹಾಸವಿಲ್ಲದೆ ಕೈ ಓಡಲಿಲ್ಲ. ಕ್ಲಬ್ 1901ರಲ್ಲಿ ಶುರುವಾದದ್ದು ಇಲ್ಲಲ್ಲ, ಜೆನಸೀ ನದಿಯ ದಂಡೆಯಲ್ಲಿ, ಬರೀ ಒಂಬತ್ತು ಹೋಲ್‌ಗಳೊಂದಿಗೆ. ರಾಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಹೊಸ ಆವರಣಕ್ಕಾಗಿ ಆ ಜಾಗ ಬೇಕಾಯಿತು. 1921ರಲ್ಲಿ ಆದ ಒಪ್ಪಂದದಂತೆ ಕ್ಲಬ್ ಅದನ್ನು ಬಿಟ್ಟುಕೊಟ್ಟು, ಬದಲಿಗೆ ಪಿಟ್ಸ್‌ಫರ್ಡ್‌ನಲ್ಲಿ 355 ಎಕರೆ ಪಡೆಯಿತು. ಅಲ್ಲಿ ರಾಸ್ ಅವರು ಈಸ್ಟ್ ಮತ್ತು ವೆಸ್ಟ್ ಎಂಬ ಎರಡು ಕೋರ್ಸ್‌ಗಳನ್ನು ರೂಪಿಸಿದರು. ಆದರೆ ಸಿಕ್ಕಿದ್ದು ಉತ್ತು ಸವೆದ ಹೊಲ. ನೆರಳೆಂಬುದು ಅಲ್ಲಿ ಹೆಚ್ಚೇನೂ ಇರಲಿಲ್ಲ. ಕ್ಲಬ್ಬಿನ ಸದಸ್ಯರಾಗಿದ್ದ ವೈದ್ಯ ಡಾ. ಜಾನ್ ಆರ್. ವಿಲಿಯಮ್ಸ್ ಅವರು ಓಕ್ ಬೀಜಗಳನ್ನು ಸಂಗ್ರಹಿಸಿ, ತಮ್ಮ ಮನೆಯ ಹಿತ್ತಲಿನಲ್ಲಿ ಸಸಿ ಮಾಡಿ, ಅಲ್ಲಿಂದ ತಂದು ನೆಡುತ್ತಾ ಹೋದರು. ಹಾಗೆ ಬೇರೂರಿದ ಮರಗಳ ಸಂಖ್ಯೆ ಹತ್ತಾರು ಸಾವಿರ. ಇಂದು ಪಾರ್ಕ್‌ಲ್ಯಾಂಡ್ ಕೋರ್ಸ್, ಅಂದರೆ ಉದ್ಯಾನದಂಥ ಕೋರ್ಸ್ ಎಂದು ಹೆಸರಾಗಿರುವ ಈ ತೋಪು ಬಹುಮಟ್ಟಿಗೆ ಮನುಷ್ಯ ಬೆಳೆಸಿದ್ದು. ಒಬ್ಬ ವೈದ್ಯರು ಇಷ್ಟು ಶ್ರದ್ಧೆಯಿಂದ ನೆಟ್ಟದ್ದನ್ನು ಓದಿದಾಗ ನನಗೆ ನಮ್ಮೂರ ಸಾಲುಮರಗಳ ನೆನಪಾಯಿತು.

ಇಲ್ಲೇ ನಾನು ಒಂದು ತಪ್ಪು ಮಾಡಿದೆ. ನನ್ನ ಬಳಿ ಇದ್ದ ವೈಮಾನಿಕ ಚಿತ್ರ ಕೆಲವು ವರ್ಷ ಹಳೆಯದು. ಅದನ್ನು ನಂಬಿ ಐದನೆಯ ಹೋಲನ್ನು ನಾಲ್ಕು ಪಾರ್, ಆರನೆಯದನ್ನು ಮೂರು ಪಾರ್ ಎಂದು ಬರೆದು, ಹದಿನೈದನೆಯ ಗ್ರೀನ್‌ನ ಬದಿಯಲ್ಲಿ ಒಂದು ಕೊಳವನ್ನೂ ಬಿಡಿಸಿದ್ದೆ. ಅಭ್ಯಾಸದ ದಿನ ಹಾಳೆ ಹಿಡಿದು ನಡೆದಾಗ ಕೊಳವೇ ಇರಲಿಲ್ಲ. ಜಾರ್ಜ್ ಮತ್ತು ಟಾಮ್ ಫಾಜಿಯೊ ಎಂಬ ವಿನ್ಯಾಸಕಾರರು 1970ರ ದಶಕದಲ್ಲಿ ಕೆಲವು ಹೋಲ್‌ಗಳನ್ನು ಬದಲಿಸಿದ್ದರು. ನನ್ನ ಹಾಳೆಯಲ್ಲಿದ್ದುದು ಅವರ ಓಕ್ ಹಿಲ್. ಇಲ್ಲಿ ನಡೆದ 1989ರ ಯು.ಎಸ್. ಓಪನ್ ಪಂದ್ಯಾವಳಿಯ ಎರಡನೆಯ ದಿನ ಎರಡು ಗಂಟೆಯೊಳಗೆ ನಾಲ್ವರು ಆಟಗಾರರು ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಸೇರಿಸಿದ್ದು ಆ ಕಾಲದ ಆರನೆಯ ಹೋಲ್‌ನಲ್ಲೇ. 2019-20ರಲ್ಲಿ ವಿನ್ಯಾಸಕಾರ ಆಂಡ್ರ್ಯೂ ಗ್ರೀನ್ ಅವರು ರಾಸ್ ಅವರ ಶೈಲಿಗೆ ಕೋರ್ಸನ್ನು ಮರಳಿಸುವಾಗ ಫಾಜಿಯೊ ಅವರ ಆ ಬದಲಾವಣೆಗಳನ್ನು ತೆಗೆದುಹಾಕಿದರು. ಈಗ ಐದನೆಯದು ಮೂರು ಪಾರ್. ಆರನೆಯದು 503 ಗಜ ಉದ್ದದ, ಹಳ್ಳ ದಾಟಬೇಕಾದ ನಾಲ್ಕು ಪಾರ್. ಆ ಭಾಗವನ್ನು ಅಳಿಸಿ, ಹೆಜ್ಜೆ ಎಣಿಸುತ್ತಾ ಹೊಸದಾಗಿ ಗುರುತು ಹಾಕಿಕೊಂಡು, ಮನೆಗೆ ಬಂದು ಕೆಂಪು ಶಾಯಿಯಲ್ಲಿ ಮತ್ತೆ ಎಳೆದೆ.

ಅದೇ ಕೆಲಸದಲ್ಲಿ ನೂರಾರು ಮರಗಳನ್ನೂ ಕಡಿದಿದ್ದರು. ಅದು ನನಗೆ ನೋವಿನ ಸಂಗತಿಯಾಗಿತ್ತು, ಮರ ಕಡಿಯುವುದಕ್ಕೆ ಯಾವ ಕಾರಣವೂ ಸಾಲದೆಂಬ ಭಾವನೆ ನನ್ನದು. ಪಂದ್ಯದ ಮೊದಲ ದಿನ, ಮೇ 18ರ ಬೆಳಿಗ್ಗೆ, ಹುಲ್ಲಿನ ಮೇಲೆ ಹಿಮ ಕಟ್ಟಿದ್ದರಿಂದ ಆಟ ಸುಮಾರು ಎರಡು ಗಂಟೆ ತಡವಾಯಿತು. ಹಿಮ ಹಿಡಿದ ಹುಲ್ಲನ್ನು ತುಳಿದರೆ ಎಸಳು ಮುರಿದು ಕಪ್ಪಾಗುತ್ತದೆ, ಆದ್ದರಿಂದ ಕಾಯಲೇಬೇಕು. ನಾನು ಹಗ್ಗದ ಪಕ್ಕ ನಿಂತು ನೋಡುತ್ತಿದ್ದೆ. ಬಿಸಿಲು ಬಿದ್ದ ಕಡೆ ಬಿಳುಪು ಕರಗಿ ಹುಲ್ಲು ಹಸುರಾಗುತ್ತಾ ಬಂತು. ಒಂದು ದೊಡ್ಡ ಮರದ ನೆರಳು ಚಾಚಿದ್ದ ಕಡೆ ಮಾತ್ರ, ನೆರಳಿನ ಅಂಚಿನ ಉದ್ದಕ್ಕೂ ಗೆರೆ ಕೊರೆದಂತೆ, ಹಿಮ ಹಾಗೇ ಉಳಿದಿತ್ತು. ಗ್ರೀನ್‌ಗಳ ಹುಲ್ಲಿಗೆ ಬೆಳಗಿನ ಬಿಸಿಲೂ ಗಾಳಿಯೂ ಏಕೆ ಅಷ್ಟು ಮುಖ್ಯವೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಒತ್ತೊತ್ತಾಗಿ ಬೆಳೆದ ಮರಗಳು ರಾಸ್ ಅವರು ಅಗಲವಾಗಿ ಬಿಟ್ಟಿದ್ದ ಆಟದ ದಾರಿಗಳನ್ನೂ ಇಕ್ಕಟ್ಟಾಗಿಸಿದ್ದವು. ಕಡಿದದ್ದು ಸರಿಯೆಂದೇ ಈಗ ನನ್ನ ಅಭಿಪ್ರಾಯ, ಆದರೂ ಅಷ್ಟೊಂದು ಮರಗಳು ಹೋದವಲ್ಲ ಎಂಬ ಸಂಕಟ ಪೂರ್ತಿ ಹೋಗಿಲ್ಲ.

ನನ್ನನ್ನು ನಿಲ್ಲಿಸಿದ್ದು ಹದಿಮೂರನೆಯ ಹೋಲ್‌ನ ಗ್ರೀನ್ ಬಳಿ. ಅದರ ಪಕ್ಕದ ದಿಬ್ಬವೇ ಹಿಲ್ ಆಫ್ ಫೇಮ್. ಗಾಲ್ಫ್‌ಗೆ ಮತ್ತು ಸಮಾಜಕ್ಕೆ ಸೇವೆ ಸಲ್ಲಿಸಿದವರ ಹೆಸರಿನಲ್ಲಿ ಒಂದೊಂದು ಮರವನ್ನು ಮೀಸಲಿಟ್ಟು, ಕಂಚಿನ ಫಲಕ ಹಾಕುವ ಪದ್ಧತಿಯನ್ನು 1956ರಲ್ಲಿ ಆರಂಭಿಸಿದವರೂ ಡಾ. ವಿಲಿಯಮ್ಸ್ ಅವರೇ. ಪ್ರೇಕ್ಷಕರು ಬಂದು ಆ ಮರಗಳ ಬುಡದಲ್ಲೇ ಕುಳಿತು ಆಟ ನೋಡುತ್ತಾರೆ. ಭಾನುವಾರ ನಾನು ಅಲ್ಲಿ ನಿಂತಿದ್ದಾಗ ಹದಿನೈದನೆಯ ಹೋಲ್‌ನ ಕಡೆಯಿಂದ ಭಾರಿ ಕೂಗು ಕೇಳಿಬಂತು. ಕ್ಲಬ್ ಒಂದರಲ್ಲಿ ಆಟ ಕಲಿಸುವ ಮೈಕಲ್ ಬ್ಲಾಕ್ ಅವರು ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಸೇರಿಸಿದ್ದರು. ನಾನು ಮೊದಲು ಕೊಳ ಬಿಡಿಸಿ ಅಳಿಸಿದ್ದ ಹೋಲ್ ಅದು.

ಪಂದ್ಯ ಮುಗಿದ ಮೇಲೆ ಹಾಳೆಗೆ ಒಂದೇ ಒಂದು ತಿದ್ದುಪಡಿ ಮಾಡಿದೆ. ಕಡಿದ ಮರಗಳಿದ್ದ ಕಡೆಯೆಲ್ಲ ಖಾಲಿ ಬಿಡುವ ಬದಲು, ಹಳೆಯ ಚಿತ್ರ ನೋಡಿ ಚುಕ್ಕಿಗಳಿಂದ ಸಣ್ಣ ವೃತ್ತಗಳನ್ನು ಹಾಕಿದೆ; ಉಳಿದಿರುವ ಓಕ್‌ಗಳಿಗೆ ಹಸಿರು ತುಂಬಿದೆ. ಇದೇ ಅಳತೆಯಲ್ಲಿ ವೆಸ್ಟ್ ಕೋರ್ಸ್‌ನ ಹಾಳೆಯನ್ನು ಈಗ ಆರಂಭಿಸಿದ್ದೇನೆ, ಕಾಂಟೂರ್ ರೇಖೆಗಳನ್ನು ಎಳೆದು ಮುಗಿದಿದೆ.