ಎರಡು ಕಂಪನಿ, ಎರಡೂ ಕಡೆ ಟಿಡಿಎಸ್ ಸೊನ್ನೆ: ಹಾಗಾದರೆ ಈ 78,780 ರೂಪಾಯಿ ತೆರಿಗೆ ಎಲ್ಲಿಂದ ಬಂತು?

2025-26ರಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಕಂಪನಿ, ತಿಂಗಳಿಗೆ 1 ಲಕ್ಷ ಸಂಬಳ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇನ್ನೊಂದು ಕಂಪನಿ, ತಿಂಗಳಿಗೆ 1 ಲಕ್ಷ 30 ಸಾವಿರ. ಎರಡೂ ಕಡೆ ಪೇ ಸ್ಲಿಪ್‌ನಲ್ಲಿ ಇನ್‌ಕಮ್ ಟ್ಯಾಕ್ಸ್ ಅನ್ನೋ ಸಾಲಿನ ಮುಂದೆ 0.00, ಅಂದರೆ ಸಂಬಳದಲ್ಲೇ ಮುರಿದುಕೊಳ್ಳುವ ತೆರಿಗೆ (ಟಿಡಿಎಸ್) ಸೊನ್ನೆ. 12 ಲಕ್ಷದವರೆಗೆ ತೆರಿಗೆ ಇಲ್ಲ ಅಂತ ಬಜೆಟ್‌ನಲ್ಲೇ ಹೇಳಿದ್ದರಲ್ಲ ಅಂತ ನೀವೂ ಸುಮ್ಮನಿರುತ್ತೀರಿ. ಜುಲೈನಲ್ಲಿ ರಿಟರ್ನ್ ಫೈಲ್ ಮಾಡಲು ಕೂತರೆ ಪೋರ್ಟಲ್ 85 ಸಾವಿರ ಚಿಲ್ಲರೆ ಕಟ್ಟಿ ಅನ್ನುತ್ತದೆ.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಎರಡೂ ಕಂಪನಿಯವರ ಲೆಕ್ಕ ಅವರವರ ಮಟ್ಟಿಗೆ ಸರಿಯಾಗಿಯೇ ಇದೆ. ಎಡವಟ್ಟಾಗಿರುವುದು ಎರಡನ್ನೂ ಕೂಡಿಸಿ ನೋಡುವವರು ಯಾರೂ ಇಲ್ಲದ್ದರಿಂದ.

ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡುವ ಪೇರೋಲ್‌ನವರು ಟಿಡಿಎಸ್ ಹಿಡಿಯುವುದು ಅಂದಾಜಿನ ಮೇಲೆ. ಈ ವರ್ಷ ಈ ಉದ್ಯೋಗಿಗೆ ನಾವು ಒಟ್ಟು ಎಷ್ಟು ಕೊಡುತ್ತೇವೆ, ಅದಕ್ಕೆ ತೆರಿಗೆ ಎಷ್ಟಾಗುತ್ತದೆ, ಉಳಿದಿರುವ ತಿಂಗಳು ಎಷ್ಟು, ಹಾಗಾದರೆ ತಿಂಗಳಿಗೆ ಎಷ್ಟು ಮುರಿದುಕೊಳ್ಳಬೇಕು, ಇಷ್ಟೇ ಅವರ ಲೆಕ್ಕ. ಮೊದಲನೇ ಕಂಪನಿ ಏಪ್ರಿಲ್‌ನಲ್ಲಿ ನೀವು ಇಡೀ ವರ್ಷ ಇರುತ್ತೀರಿ ಅಂದುಕೊಂಡು 12 ಲಕ್ಷ ಹಿಡಿಯಿತು. ಸಂಬಳದಾರರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 75 ಸಾವಿರ ಕಳೆದರೆ 11.25 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್, ಅಂದರೆ ತೆರಿಗೆ ಮನ್ನಾ ಇದೆ, ತೆರಿಗೆ ಸೊನ್ನೆ. ಎರಡನೇ ಕಂಪನಿಗೆ ಕಾಣುವುದು ತಾನು ಕೊಡುವ ಆರು ತಿಂಗಳ 7.8 ಲಕ್ಷ ಮಾತ್ರ. ಅವರೂ ಮತ್ತೊಮ್ಮೆ 75 ಸಾವಿರ ಕಳೆದರು, ಮತ್ತೊಮ್ಮೆ ರಿಬೇಟ್ ಕೊಟ್ಟರು, ಮತ್ತೊಮ್ಮೆ ಸೊನ್ನೆ.

ಇಲಾಖೆ ನೋಡುವುದು ನಿಮ್ಮ ಪ್ಯಾನ್ ನಂಬರ್. ಅದರಡಿ ವರ್ಷಕ್ಕೆ ಒಂದೇ ಸ್ಟ್ಯಾಂಡರ್ಡ್ ಡಿಡಕ್ಷನ್, ಒಂದೇ ಸ್ಲ್ಯಾಬ್. 2025-26ರ ಲೆಕ್ಕ ಹೀಗಾಗುತ್ತದೆ: 6 ಲಕ್ಷ ಮತ್ತು 7.8 ಲಕ್ಷ ಸೇರಿ 13.8 ಲಕ್ಷ, 75 ಸಾವಿರ ಕಳೆದು 13.05 ಲಕ್ಷ. ರಿಬೇಟ್ ಕೈತಪ್ಪಿತು. 4ರಿಂದ 8 ಲಕ್ಷಕ್ಕೆ 5% ಅಂದರೆ 20,000. 8ರಿಂದ 12ಕ್ಕೆ 10%, 40,000. ಮೇಲಿನ 1.05 ಲಕ್ಷಕ್ಕೆ 15%, 15,750. ಒಟ್ಟು 75,750, ಅದರ ಮೇಲೆ 4% ಸೆಸ್ 3,030. ಅಲ್ಲಿಗೆ 78,780.

ಉಳಿದದ್ದು ಬಡ್ಡಿ. ಟಿಡಿಎಸ್ ಕಳೆದು 10 ಸಾವಿರ ಅಥವಾ ಜಾಸ್ತಿ ತೆರಿಗೆ ಬಾಕಿ ಇದ್ದರೆ ಅದನ್ನು ಅಡ್ವಾನ್ಸ್ ಟ್ಯಾಕ್ಸ್ ಆಗಿ ಕಂತಿನಲ್ಲಿ ಕಟ್ಟಬೇಕು ಅನ್ನುತ್ತದೆ ಕಾನೂನು: ಜೂನ್ 15ಕ್ಕೆ 15%, ಸೆಪ್ಟೆಂಬರ್ 15ಕ್ಕೆ ಒಟ್ಟು 45%, ಡಿಸೆಂಬರ್ 15ಕ್ಕೆ 75%, ಮಾರ್ಚ್ 15ಕ್ಕೆ ಪೂರ್ತಿ. ಕಂತು ತಪ್ಪಿಸಿದ್ದಕ್ಕೆ 234ಸಿ ಸೆಕ್ಷನ್ ಪ್ರಕಾರ ಇಲ್ಲಿ ಸುಮಾರು 3,970 ರೂಪಾಯಿ. ಜೂನ್‌ನಲ್ಲಿ ನಿಮಗೆ ಹೊಸ ಕೆಲಸದ ಕನಸೂ ಬಿದ್ದಿರಲಿಲ್ಲ, ಆದರೂ ಜೂನ್ ಕಂತಿನ ಬಡ್ಡಿ ಬೀಳುತ್ತದೆ. ಇದು ನನಗಂತೂ ನ್ಯಾಯ ಅನ್ನಿಸುವುದಿಲ್ಲ, ಆದರೆ ನಿಯಮ ಇರುವುದೇ ಹಾಗೆ. ಇದರ ಜೊತೆಗೆ 234ಬಿ: ಏಪ್ರಿಲ್‌ನಿಂದ ಕಟ್ಟುವ ತಿಂಗಳವರೆಗೆ ತಿಂಗಳಿಗೆ 1%, ಜುಲೈನಲ್ಲಿ ಕಟ್ಟಿದರೆ ನಾಲ್ಕು ತಿಂಗಳಿಗೆ ಸುಮಾರು 3,150.

ಈಗ ಮಾಡಬೇಕಾದ್ದಕ್ಕೆ ಬರೋಣ. ಇಲ್ಲಿ ಹೇಳುವ ಫಾರಂ, ಸೆಕ್ಷನ್ ನಂಬರ್‌ಗಳೆಲ್ಲ 2025-26ರ ಆದಾಯದ ಲೆಕ್ಕಕ್ಕೆ.

ಮೊದಲು: ಹಳೇ ಕಂಪನಿಯ ಲಾಗಿನ್ ಮುಚ್ಚುವ ಮುಂಚೆ

ಕೊನೇ ದಿನ ಲ್ಯಾಪ್‌ಟಾಪ್ ವಾಪಸ್ ಕೊಟ್ಟ ಕೂಡಲೇ ಪೇರೋಲ್ ಪೋರ್ಟಲ್ ಕೂಡ ಬಂದ್ ಆಗಬಹುದು. ಅದಕ್ಕೆ ಮೊದಲೇ ಏಪ್ರಿಲ್‌ನಿಂದ ಇಲ್ಲಿವರೆಗಿನ ಎಲ್ಲ ಪೇ ಸ್ಲಿಪ್ ಮತ್ತು ಟ್ಯಾಕ್ಸ್ ಶೀಟ್ (ಕಂಪನಿ ಹಾಕಿದ ತೆರಿಗೆ ಲೆಕ್ಕದ ಹಾಳೆ) ಇಳಿಸಿಟ್ಟುಕೊಳ್ಳಿ. ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್ ಆಮೇಲೆ ಬರುತ್ತದೆ, ಅದರ ಸ್ಟೇಟ್‌ಮೆಂಟ್ ನಿಮ್ಮ ಸ್ವಂತ ಮೇಲ್‌ಗೆ ಕಳಿಸಲು ಹೇಳಿ, ಯಾಕೆಂದರೆ ರಜೆ ಬದಲು ಕೊಟ್ಟ ದುಡ್ಡು, ಬಾಕಿ ಬೋನಸ್ಸು ಎಲ್ಲ ಅದರಲ್ಲೇ ಸೇರಿರುತ್ತದೆ. ಫಾರಂ 16 (ವರ್ಷದ ಸಂಬಳ, ಟಿಡಿಎಸ್ ತೋರಿಸುವ ಪ್ರಮಾಣಪತ್ರ) ಬರಲಿ ಅಂತ ಕಾಯಬೇಡಿ. ಅದನ್ನು ಕೊಡಲು ಕಂಪನಿಗೆ ಮುಂದಿನ ಜೂನ್ 15ರವರೆಗೆ ಸಮಯ ಇರುತ್ತದೆ, ಅಷ್ಟರಲ್ಲಿ ವರ್ಷವೇ ಮುಗಿದಿರುತ್ತದೆ.

ಇನ್ನೊಂದು ಮಾತು. ಕೂಡಿಸುವಾಗ ಬ್ಯಾಂಕಿಗೆ ಬಿದ್ದ ಮೊತ್ತ ಕೂಡಿಸಬೇಡಿ, ಗ್ರಾಸ್ ಸಂಬಳ ಕೂಡಿಸಿ. ನಿಮ್ಮ ಪಾಲಿನ ಪಿಎಫ್ ಕೈಗೆ ಬರದಿದ್ದರೂ ಹೊಸ ಪದ್ಧತಿಯಲ್ಲಿ ಅದಕ್ಕೆ ವಿನಾಯಿತಿ ಇಲ್ಲ.

ಹೊಸ ಕಂಪನಿಗೆ 12ಬಿ ಕೊಡಿ

ಹಳೇ ಕಂಪನಿ ಎಷ್ಟು ಸಂಬಳ ಕೊಟ್ಟಿತು, ಎಷ್ಟು ಟಿಡಿಎಸ್ ಹಿಡಿಯಿತು ಅಂತ ಹೊಸ ಕಂಪನಿಗೆ ತಿಳಿಸುವ ಕಾಗದವೇ ಫಾರಂ 12ಬಿ. ಎಷ್ಟೋ ಕಡೆ ಈಗ ಕಾಗದ ಇಲ್ಲ, ಸೇರಿದ ವಾರ ತುಂಬಿಸುವ ಹತ್ತಾರು ಸ್ಕ್ರೀನ್‌ಗಳ ನಡುವೆ ಪ್ರೀವಿಯಸ್ ಎಂಪ್ಲಾಯ್‌ಮೆಂಟ್ ಇನ್‌ಕಮ್ ಅಂತ ಒಂದು ಖಾನೆ ಇರುತ್ತದೆ, ಆಮೇಲೆ ತುಂಬಿಸೋಣ ಅಂತ ನೆಕ್ಸ್ಟ್ ಒತ್ತಿ ಮುಂದೆ ಹೋಗಿರುತ್ತೇವೆ. ತುಂಬಿಸಿದ್ದೀನಿ ಅಂತ ನೆನಪಿದ್ದರೂ ಸಾಲದು. ಮೊದಲ ಸಂಬಳ ಬಂದ ಮೇಲೆ ಟ್ಯಾಕ್ಸ್ ಶೀಟ್ ತೆಗೆದು ನೋಡಿ: ಮೇಲೆ ಬೇಸಿಕ್, ಎಚ್‌ಆರ್‌ಎ, ಸ್ಪೆಷಲ್ ಅಲವೆನ್ಸ್ ಎಲ್ಲ ಕೂಡಿಸಿದ ಕೆಳಗೆ ಹಳೇ ಕಂಪನಿಯ ಆದಾಯಕ್ಕೆ ಒಂದು ಸಾಲು ಇರುತ್ತದೆ. ಅಲ್ಲಿ 6,00,000 ಇರಬೇಕು. ಸೊನ್ನೆ ಇದ್ದರೆ, ಅಥವಾ ಆ ಸಾಲೇ ಇಲ್ಲದಿದ್ದರೆ, ಅದೇ ದಿನ ಪೇರೋಲ್‌ಗೆ ಮೇಲ್ ಹಾಕಿ.

12ಬಿ ಕೊಡಲೇಬೇಕು ಅಂತ ನಿಮಗೆ ಕಡ್ಡಾಯ ಇಲ್ಲ. ಕೊಟ್ಟರೆ ಕಂಪನಿ ಅದನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು. ಕೆಲವರು ಬೇಕಂತಲೇ ಕೊಡುವುದಿಲ್ಲ, ಕಾರಣವೂ ಗೊತ್ತಿರುವುದೇ: ಇಂಟರ್‌ವ್ಯೂನಲ್ಲಿ ಹಳೇ ಸಂಬಳ ಸ್ವಲ್ಪ ಉಬ್ಬಿಸಿ ಹೇಳಿರುತ್ತಾರೆ, 12ಬಿಯಲ್ಲಿ ನಿಜ ಬರೆಯಬೇಕಲ್ವಾ. ಅದು ನಿಮ್ಮ ಇಷ್ಟ, ಆದರೆ ಕೊಡದಿದ್ದರೆ ತೆರಿಗೆ ನೀವೇ ಕಟ್ಟುವ ದಾರಿ ಹಿಡಿಯಿರಿ, ಅದನ್ನು ಕೆಳಗೆ ಹೇಳುತ್ತೇನೆ.

ತಡ ಮಾಡಿದಷ್ಟೂ ಕಂತು ದಪ್ಪ

ಇಲ್ಲೇ ಪೇರೋಲ್ ಕ್ಯಾಲೆಂಡರ್‌ನ ಆಟ ಇರುವುದು. ನಮ್ಮ ಉದಾಹರಣೆಯಲ್ಲಿ ಅಕ್ಟೋಬರ್‌ನಲ್ಲೇ 12ಬಿ ಕೊಟ್ಟರೆ 78,780 ಆರು ತಿಂಗಳಿಗೆ ಹಂಚಿಹೋಗುತ್ತದೆ, ತಿಂಗಳಿಗೆ 13,130. ಜನವರಿಯಲ್ಲಿ ಕೊಟ್ಟರೆ ಮೂರೇ ತಿಂಗಳು ಉಳಿದಿರುತ್ತದೆ, 26,260. ಮಾರ್ಚ್‌ನಲ್ಲಿ ಕೊಟ್ಟರೆ ಒಂದೇ ಏಟಿಗೆ 78,780 ಮುರಿದುಕೊಳ್ಳುತ್ತಾರೆ, ಆ ತಿಂಗಳು ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ಆದರೂ ಮಾರ್ಚ್‌ನಲ್ಲಾದರೂ ಕೊಡಿ ಅನ್ನುತ್ತೇನೆ, ಯಾಕೆಂದರೆ ತೆರಿಗೆ ಟಿಡಿಎಸ್ ಆಗಿ ಹೋದರೆ ಬಡ್ಡಿಯ ಮಾತೇ ಬರುವುದಿಲ್ಲ.

ತಿಂಗಳ ಕೊನೇ ದಿನ ಕೊಟ್ಟರೆ ಆ ತಿಂಗಳ ಸಂಬಳಕ್ಕೆ ಸೇರುವುದಿಲ್ಲ ಅನ್ನುವುದು ನೆನಪಿರಲಿ. ಪೇರೋಲ್‌ಗೆ ಒಂದು ಕಟ್ ಆಫ್ ದಿನ ಇರುತ್ತದೆ, ಮಾರ್ಚ್‌ನಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಅದು ಇನ್ನೂ ಮುಂಚೆ ಬರಬಹುದು. ಎಚ್‌ಆರ್‌ಗೆ ಫೆಬ್ರವರಿಯಲ್ಲೇ ದಿನಾಂಕ ಕೇಳಿಟ್ಟುಕೊಳ್ಳಿ. ಮಾರ್ಚ್ ಸಂಬಳದ ಲೆಕ್ಕ ಮುಗಿದ ಮೇಲೆ ಪೇರೋಲ್‌ನವರ ಕೈಯಲ್ಲೂ ಏನೂ ಇಲ್ಲ.

ಹಳೇ ಪದ್ಧತಿ ಆರಿಸಿಕೊಂಡವರಿಗೆ ಇನ್ನೊಂದು ಗುಂಡಿ ಇದೆ. ಎಲ್‌ಐಸಿ, ಪಿಪಿಎಫ್ ಅಂತ 80ಸಿ ಸೆಕ್ಷನ್‌ನಡಿ ಉಳಿತಾಯಕ್ಕೆ ಸಿಗುವ ಒಂದೂವರೆ ಲಕ್ಷದ ವಿನಾಯಿತಿಯನ್ನು ಎರಡೂ ಕಂಪನಿಗೆ ತೋರಿಸಿದರೆ ಎರಡೂ ಕಡೆ ತೆರಿಗೆ ಕಡಿಮೆ ಹಿಡಿಯುತ್ತಾರೆ, ರಿಟರ್ನ್‌ನಲ್ಲಿ ಮಾತ್ರ ಒಂದೇ ಸಲ ಸಿಗುತ್ತದೆ. ಯಾವ ಪದ್ಧತಿ ಅಂತ ಹೊಸ ಕಂಪನಿಗೆ ಹೇಳದಿದ್ದರೆ ಅವರು ಹೊಸ ಪದ್ಧತಿಯಲ್ಲೇ ಲೆಕ್ಕ ಹಾಕುತ್ತಾರೆ, ಅದೂ ಗೊತ್ತಿರಲಿ.

ನೀವೇ ಕಟ್ಟುವುದಾದರೆ

ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ಇ-ಪೇ ಟ್ಯಾಕ್ಸ್ ಅಂತ ಇದೆ. ವರ್ಷ ಮುಗಿಯುವ ಮುಂಚೆ ಕಟ್ಟುವುದಾದರೆ ಅಡ್ವಾನ್ಸ್ ಟ್ಯಾಕ್ಸ್, ಕೋಡ್ 100. ಅಸೆಸ್‌ಮೆಂಟ್ ವರ್ಷ (ಸಂಬಳ ಬಂದ ವರ್ಷದ ಮುಂದಿನ ವರ್ಷ) ಆರಿಸುವಾಗ ಎಚ್ಚರ: 2025-26ರ ಸಂಬಳಕ್ಕೆ ಅಸೆಸ್‌ಮೆಂಟ್ ವರ್ಷ 2026-27. ಇದನ್ನು ತಪ್ಪು ಒತ್ತಿದರೆ ದುಡ್ಡು ಬೇರೆ ವರ್ಷದ ಖಾತೆಗೆ ಹೋಗಿ ಕೂರುತ್ತದೆ, ಸರಿ ಮಾಡಿಸಲು ಸುಮ್ನೆ ಅಲೆದಾಟ. ಮಾರ್ಚ್ 31ರ ಒಳಗೆ ಪೂರ್ತಿ ಕಟ್ಟಿದರೆ 234ಬಿ ಬಡ್ಡಿ ತಪ್ಪುತ್ತದೆ, ಕಂತು ತಪ್ಪಿದ 234ಸಿ ಬಡ್ಡಿ ಮಾತ್ರ ಉಳಿಯುತ್ತದೆ.

ವರ್ಷ ಮುಗಿದ ಮೇಲೆ ಗೊತ್ತಾದರೆ? ಆಗ ಸೆಲ್ಫ್ ಅಸೆಸ್‌ಮೆಂಟ್ ಟ್ಯಾಕ್ಸ್, ಕೋಡ್ 300. ಜುಲೈವರೆಗೆ ಕಾಯುವುದರಲ್ಲಿ ಲಾಭ ಇಲ್ಲ, ಪ್ರತಿ ತಿಂಗಳೂ ಸುಮಾರು 787 ರೂಪಾಯಿ ಬಡ್ಡಿ ಬೆಳೆಯುತ್ತದೆ, ಒಂದು ದಿನ ದಾಟಿದರೂ ಪೂರ್ತಿ ತಿಂಗಳ ಲೆಕ್ಕ. ಏಪ್ರಿಲ್‌ನಲ್ಲೇ ನಿಮ್ಮ ಪೇ ಸ್ಲಿಪ್‌ಗಳನ್ನಿಟ್ಟುಕೊಂಡು ತೆರಿಗೆಯ ಅಸಲು ಕಟ್ಟಿಬಿಡಿ. ಎರಡೂ ಫಾರಂ 16 ಬಂದ ಮೇಲೆ 26ಎಎಸ್ ಮತ್ತು ಎಐಎಸ್ (ನಿಮ್ಮ ತೆರಿಗೆ, ಆದಾಯದ ಬಗ್ಗೆ ಇಲಾಖೆಯ ಬಳಿ ಇರುವ ದಾಖಲೆಗಳು) ಜೊತೆ ತಾಳೆ ನೋಡಿ, ಬಡ್ಡಿ ಮತ್ತು ಚಿಲ್ಲರೆ ವ್ಯತ್ಯಾಸ ಕಟ್ಟಿ ಜುಲೈ 31ರ ಒಳಗೆ ರಿಟರ್ನ್ ಹಾಕಿ. ಒಂದೇ ಫಾರಂ 16 ಇಟ್ಟುಕೊಂಡು ಫೈಲ್ ಮಾಡಿ ಸುಮ್ಮನಾದರೆ ಎರಡನೇ ಸಂಬಳ ಎಐಎಸ್‌ನಲ್ಲಿ ಕಾಣುತ್ತಲೇ ಇರುತ್ತದೆ, ನೋಟಿಸ್ ಬರುವುದು ಅಲ್ಲಿಂದಲೇ. ಗಡುವು ಮೀರಿದರೆ ಇಂಥ ಆದಾಯಕ್ಕೆ 5,000 ರೂಪಾಯಿ ಲೇಟ್ ಫೀ ಬೇರೆ.

ಕಟ್ಟಿದ ಮೇಲೆ ಚಲನ್ ಪಿಡಿಎಫ್ ಇಳಿಸಿಟ್ಟುಕೊಳ್ಳಿ. ಅದರಲ್ಲಿರುವ ಬಿಎಸ್‌ಆರ್ ಕೋಡ್ (ಬ್ಯಾಂಕ್ ಶಾಖೆಯ ನಂಬರ್), ಚಲನ್ ನಂಬರ್, ಕಟ್ಟಿದ ದಿನಾಂಕ ರಿಟರ್ನ್‌ನಲ್ಲಿ ತಾನಾಗಿ ಬಂದಿದೆಯೇ ನೋಡಿ, ಬಂದಿಲ್ಲದಿದ್ದರೆ ಕೈಯಿಂದ ತುಂಬಿಸಿ. ಅದನ್ನು ಬಿಟ್ಟು ಸಬ್‌ಮಿಟ್ ಒತ್ತಿದರೆ ಕಟ್ಟಿದ ತೆರಿಗೆಯನ್ನೇ ಮತ್ತೆ ಕಟ್ಟಿ ಅಂತ ಡಿಮ್ಯಾಂಡ್ ಬರುತ್ತದೆ.